ಹದಿನೈದು ತೆಂಗಿನಕಾಯಿಗಳ ವಾರಾಂತ್ಯ

ಮೇ ತಿಂಗಳ ಒಂದು ಬುಧವಾರ ರಾತ್ರಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಲಗ್ನಪತ್ರಿಕೆ ಜಾರಿ ಬಿತ್ತು. ಎತ್ತಿ ಮತ್ತೆ ಅಂಟಿಸುವಾಗ ತಾರೀಖು ಕಣ್ಣಿಗೆ ಬಿತ್ತು. ಅದರ ಹಿಂದಿದ್ದ ಪತ್ರಿಕೆಯ ತಾರೀಖನ್ನೂ ನೋಡಿದೆ. ಆಮೇಲೆ ಉಳಿದ ಎರಡನ್ನೂ ಕಿತ್ತು ನೋಡಿದೆ. ನಾಲ್ಕೂ ಅದೇ ಶನಿವಾರ, ಭಾನುವಾರ.

ಶನಿವಾರ ಬೆಳಗಿನ ಜಾವ ಕೆಂಗೇರಿ ಉಪನಗರದಲ್ಲಿ ಗೃಹಪ್ರವೇಶ, ನಮ್ಮ ಯಜಮಾನರ ಚಿಕ್ಕಪ್ಪನ ಮಗನದು. ಸಂಜೆ ಅವರ ಆಫೀಸಿನವರೊಬ್ಬರ ಮಗಳ ಆರತಕ್ಷತೆ. ಭಾನುವಾರ ಹನ್ನೊಂದಕ್ಕೆ ರಾಜಾಜಿನಗರದಲ್ಲಿ ಸೀಮಂತ. ಅದೇ ಹೊತ್ತಿಗೆ ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ ಬೀಗರೂಟ. ಇಷ್ಟು ಪತ್ರಿಕೆಯ ಲೆಕ್ಕ. ಪತ್ರಿಕೆ ಇಲ್ಲದ್ದು ಇನ್ನೆರಡು: ಶನಿವಾರ ಮಧ್ಯಾಹ್ನ ಕಾಲೇಜಿನ ಗೆಳತಿಯರನ್ನು ನೋಡುವುದು, ಭಾನುವಾರ ರಾತ್ರಿ 7.30ಕ್ಕೆ ರಂಗಶಂಕರದಲ್ಲಿ ನಾಟಕ. ನಾಟಕದ ಟಿಕೆಟ್ಟು ನಾನೇ ಮುಂಚಿತವಾಗಿ ಕೊಂಡಿಟ್ಟದ್ದು. ಮದುವೆ ಕಾಲದ ಭಾನುವಾರಕ್ಕೆ ಟಿಕೆಟ್ ಕೊಂಡವಳ ಬುದ್ಧಿಗೆ ಏನು ಹೇಳೋಣ.

ಇದರಲ್ಲಿ ಯಾರ ತಪ್ಪೂ ಇಲ್ಲ. ಆಷಾಢ ಬಂದರೆ ಒಂದು ತಿಂಗಳು ಶುಭಕಾರ್ಯ ಇಲ್ಲ, ಅಷ್ಟರಲ್ಲೇ ಮಕ್ಕಳಿಗೆ ಶಾಲೆ ಶುರು. ಹಾಗಾಗಿ ಎಲ್ಲರೂ ವೈಶಾಖದ ಎರಡು ಮೂರು ಭಾನುವಾರಗಳಿಗೇ ಮುಗಿಬೀಳುತ್ತಾರೆ. ಛತ್ರ ಸಿಗದವರು ಗುರುವಾರ ಧಾರೆ ಮುಗಿಸಿ ಊಟವನ್ನಾದರೂ ಭಾನುವಾರಕ್ಕೆ ಇಟ್ಟುಕೊಳ್ಳುತ್ತಾರೆ.

ನಾನು ಮಾಡಿದ ಮೊದಲ ಕೆಲಸ ಎಲ್ಲರೂ ಮಾಡುವಂಥದ್ದೇ. ಮೊಬೈಲಿನಲ್ಲಿ ಗಂಟೆಗಂಟೆಗೂ ಬಣ್ಣ ಹಚ್ಚಿ ವೇಳಾಪಟ್ಟಿ ಮಾಡಿದೆ. ನೋಡಲು ಚೆಂದವಿತ್ತು. ಅತ್ತೆಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಇದ್ರಲ್ಲಿ ಹೊತ್ತು ಅದೆ, ಜನ ಎಲ್ಲವ್ರೆ?" ಅಂದರು. ಆಮೇಲೆ ಬೀರು ತೆಗೆದು ಹಳೆಯ ನೋಟ್‌ಬುಕ್ಕೊಂದನ್ನು ತಂದು ನನ್ನ ಮುಂದಿಟ್ಟರು.

ಮುಯ್ಯಿ ಪುಸ್ತಕ. ಮಂಡ್ಯದ ಕಡೆಯವರಿಗೆ ವಿವರಿಸಬೇಕಿಲ್ಲ. ಮದುವೆಮನೆಯಲ್ಲಿ ಮೇಜು ಹಾಕಿಕೊಂಡು ಕೂತ ಒಬ್ಬರು, ಯಾರು ಎಷ್ಟು ಕೊಟ್ಟರು ಅಂತ ಊರು, ಹೆಸರು ಸಮೇತ ಬರೆದುಕೊಳ್ಳುತ್ತಾರಲ್ಲ, ಆ ಪುಸ್ತಕ. ಅವರ ಮನೆಯಲ್ಲಿ ಕಾರ್ಯವಾದಾಗ ನಾವು ತಿರುಗಿ ಮಾಡಬೇಕು, ಅದಕ್ಕೆ ದಾಖಲೆ. ನಮ್ಮ ಮನೆಯದರಲ್ಲಿ ಎರಡು ಮದುವೆಗಳ ಲೆಕ್ಕವಿದೆ: 1991ರಲ್ಲಿ ನಮ್ಮ ಯಜಮಾನರ ಅಕ್ಕನದು, 2004ರಲ್ಲಿ ನಮ್ಮದು. ಮೊದಲಿನದು ಮಾವನವರ ಕೈಬರಹ, ನೀಲಿ ಶಾಯಿ. 51, 101, ಎಲ್ಲೋ ಒಂದು 501. ಮಧ್ಯೆ ಮಧ್ಯೆ ಹಿತ್ತಾಳೆ ಬಿಂದಿಗೆ, ಸ್ಟೀಲ್ ಕೊಳಗ, ಒಂದು ಜೊತೆ ಪಂಚೆ. ನಮ್ಮ ಮದುವೆಯ ಹೊತ್ತಿಗೆ ಪಾತ್ರೆಗಳು ಕಡಿಮೆಯಾಗಿ ಗೋಡೆ ಗಡಿಯಾರಗಳು ಬಂದಿವೆ. ಏಳು ಗಡಿಯಾರ. ಒಂದೂ ಈಗ ಓಡುತ್ತಿಲ್ಲ.

ಇಷ್ಟು ವರ್ಷ ಇದನ್ನು ಬರೀ ದುಡ್ಡಿನ ಲೆಕ್ಕ ಅಂತ ತಿಳಿದಿದ್ದೆ. ಅವತ್ತು ಅತ್ತೆ ಓದಿಸಿದ ರೀತಿ ಬೇರೆ. ಬೀಗರೂಟದ ಮನೆಯವರ ಹೆಸರು ಹುಡುಕಿಸಿದರು. 1991ರಲ್ಲಿ 101 ರೂಪಾಯಿ. "ಅವಾಗ ಆಳಿಗೆ ದಿನಕ್ಕೆ ಇಪ್ಪತ್ತು ರೂಪಾಯಿ ಕೂಲಿ. ಅಂದ್ರೆ ಐದಾಳಿನ ಕೂಲಿ ಕೊಟ್ಟವ್ರೆ. ಈಗಿನ ಕೂಲಿ ಎಷ್ಟು, ನೀನೇ ಲೆಕ್ಕ ಹಾಕು." ಆಳಿಗೆ ದಿನಕ್ಕೆ 500 ಅಂತ ಹಿಡಿದರೆ 2,500. ಕವರಿಗೆ 2,501 ಹಾಕುವುದು ಅಂತಾಯಿತು. ಬ್ಯಾಂಕಿನ ಬಡ್ಡಿ, ಚಿನ್ನದ ಬೆಲೆ ಎಲ್ಲ ಬಿಟ್ಟು ಕೂಲಿಯ ಅಳತೆ ಹಿಡಿಯುವುದು ನನಗೆ ಈಗಲೂ ಸರಿಯಾದ ಲೆಕ್ಕ ಅನ್ನಿಸುತ್ತದೆ.

ಆಫೀಸಿನವರ ಹೆಸರು ಪುಸ್ತಕದಲ್ಲಿರಲಿಲ್ಲ. ಇರಲು ಸಾಧ್ಯವೂ ಇಲ್ಲ. "ಹಂಗಾದ್ರೆ ಅಲ್ಲಿ ಉಂಡು ಬಂದ್ರೆ ಸಾಕು" ಅಂತ ಅತ್ತೆಯ ತೀರ್ಪು. ಸೀಮಂತದ ಹುಡುಗಿಯ ತಾಯಿ 2004ರ ಪಟ್ಟಿಯಲ್ಲಿದ್ದಳು, ಹಣದ ಜಾಗದಲ್ಲಿ "ಎರಡು ದಿನ ಮುಂಚೆ ಬಂದಿದ್ದು" ಅಂತ ಬರೆದಿತ್ತು. ಅದನ್ನು ಯಾರು ಬರೆದರೋ. ಓದಿದ ಕೂಡಲೇ ಹೊಳೆಯಿತು: ಎರಡು ದಿನ ಮುಂಚೆ ಬಂದವಳಿಗೆ ಮುಂಚೆಯೇ ಹೋಗಿ ತೀರಿಸಬಹುದು.

ಪುಟ ಮುಚ್ಚುವ ಮೊದಲು ಅತ್ತೆಯ ಬೆರಳು ಇನ್ನೊಂದು ಸಾಲಿನ ಮೇಲೆ ನಿಂತಿತು. ಒಂದು ಹೆಸರು, ಪಕ್ಕದಲ್ಲಿ "ಮಂಡ್ಯ", ಆಮೇಲೆ "ಅಕ್ಕಿ 1 ಮೂಟೆ, ತೆಂಗಿನಕಾಯಿ 100". ಅತ್ತೆಯ ದೊಡ್ಡಪ್ಪನ ಮಗ, ನಮಗೆ ಮಾವ ಆಗಬೇಕು. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಮೂರು ತಿಂಗಳಾಗಿತ್ತು. ಹೋಗಬೇಕು, ಹೋಗಬೇಕು ಅಂತ ಪ್ರತಿ ಭಾನುವಾರ ಅಂದುಕೊಂಡದ್ದಷ್ಟೇ. "ಅವ್ರು ಕರ್ದಿಲ್ಲ, ಅದಕ್ಕೇ ನಿನ್ ಪಟ್ಟೀಲಿಲ್ಲ" ಅಂದರು ಅತ್ತೆ. ನಾನು ಬಣ್ಣದ ವೇಳಾಪಟ್ಟಿಯನ್ನು ಅಳಿಸಿದೆ.

ಗುರುವಾರ ಸಂಜೆ ಕೆಲಸ ಮುಗಿಸಿ ಸೀದಾ ರಾಜಾಜಿನಗರಕ್ಕೆ ಹೋದೆ. ಹಣ್ಣು, ಎರಡು ಡಜನ್ ಹಸಿರು ಗಾಜಿನ ಬಳೆ, ಒಂದು ಮೊಳ ಅನ್ನಲು ನಾಚಿಕೆಯಾಗುವಷ್ಟು ಮಲ್ಲಿಗೆ. ಮೇ ತಿಂಗಳಲ್ಲಿ ಮಲ್ಲಿಗೆಯ ಬೆಲೆ ಕೇಳಿದವರಿಗೆ ಗೊತ್ತು. ಆ ಮನೆಯಲ್ಲಿ ಆಗ ತಾಂಬೂಲದ ಚೀಲ ತುಂಬುವ ಗದ್ದಲ. ನಾನೂ ಕೂತು ಒಂದೂವರೆ ಗಂಟೆ ಎಲೆ ಅಡಿಕೆ ಜೋಡಿಸಿದೆ, ಹುಡುಗಿಗೆ ಬಳೆ ತೊಡಿಸಿದೆ, ಬಯಕೆ ಏನು ಅಂತ ಕೇಳಿದೆ. ಹುಣಸೆಕಾಯಿ, ಮಾವಿನಕಾಯಿ ಅಂತಾಳೆ ಅಂದುಕೊಂಡರೆ "ಪಾನಿಪೂರಿ ಅತ್ತೆ, ಯಾರೂ ಕೊಡಿಸ್ತಿಲ್ಲ" ಅಂದಳು. ಭಾನುವಾರ ಬರಲಾಗದು ಅಂತ ಹೇಳಿದಾಗ ಅವಳ ತಾಯಿಯ ಮುಖದಲ್ಲಿ ಬೇಸರ ಸುಳಿಯಲಿಲ್ಲ. ಚೀಲ ತುಂಬಲು ಕೈ ಜೋಡಿಸಿದವಳು ಬರಲಿಲ್ಲ ಅಂತ ಯಾರೂ ಆಡಿಕೊಳ್ಳುವುದಿಲ್ಲ. ಭಾನುವಾರ ಅಲ್ಲಿಗೆ ಹೋಗಿ ನೂರು ಜನರ ಮಧ್ಯೆ ಅರ್ಧ ಗಂಟೆ ನಿಂತು ಬಂದಿದ್ದರೆ ಈ ಪಾನಿಪೂರಿಯ ಮಾತು ನನಗೆ ಸಿಗುತ್ತಲೂ ಇರಲಿಲ್ಲ. ಬರುವಾಗ ಅರಿಶಿನ ಕುಂಕುಮದ ಜೊತೆ ಒಂದು ತೆಂಗಿನಕಾಯಿ ಕೊಟ್ಟರು. ಒಂದು.

ಶುಕ್ರವಾರ ರಾತ್ರಿಯ ತಯಾರಿಯ ಬಗ್ಗೆ ಎರಡೇ ಮಾತು. ಉಳಿದ ಮಲ್ಲಿಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಫ್ರಿಜ್ಜಿಗೆ ಇಟ್ಟೆ. ಒಂದು ರೂಪಾಯಿ ನಾಣ್ಯ ಅಂಟಿಸಿದ ಕವರುಗಳಿಗೆ ಅವತ್ತೇ ಹಣ ಹಾಕಿ, ಹೆಸರನ್ನು ಕವರಿನ ಮೇಲೂ ಬರೆದೆ, ಒಳಗೆ ಒಂದು ಚೀಟಿಯಲ್ಲೂ ಬರೆದೆ. ಹೋಗುವ ಆತುರದಲ್ಲಿ ಆಟೋದಲ್ಲಿ ಕೂತು, ಪೆನ್ನಿಲ್ಲದೆ, ಯಾವುದರಲ್ಲಿ ಎಷ್ಟಿದೆ ಅಂತ ಬೆಳಕಿಗೆ ಹಿಡಿದು ನೋಡಿದ ಅನುಭವ ನನಗೆ ಸಾಕಷ್ಟಿದೆ.

ಗೃಹಪ್ರವೇಶಕ್ಕೆ ಮಧ್ಯಾಹ್ನದ ಊಟದ ಹೊತ್ತಿಗೆ ಹೋಗುವುದು ಬೆಂಗಳೂರಿನ ರೂಢಿ. ನಾವು ಬೆಳಗಿನ ಜಾವವೇ ಹೋದೆವು, 4.45ಕ್ಕೆ. ವಿಜಯನಗರದಿಂದ ಕೆಂಗೇರಿಗೆ ಆ ಹೊತ್ತಿನಲ್ಲಿ ರಸ್ತೆ ಖಾಲಿ. ಅಲ್ಲಿ ಒಂದು ಸಮಸ್ಯೆ ಎದ್ದಿತ್ತು. ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ. ಟೆಂಪೋದಲ್ಲಿ ಹಸು, ಕರು ಬಂದಿವೆ. ಮೆಟ್ಟಿಲು ಹತ್ತಿಸುವ ಹಾಗಿಲ್ಲ. ಲಿಫ್ಟಿನ ಕಡೆ ಒಬ್ಬರು ನೋಡಿದ್ದು ನಿಜ, ಬಾಯಿಬಿಟ್ಟು ಏನೂ ಹೇಳಲಿಲ್ಲ. ಪುರೋಹಿತರು ಅನುಭವಸ್ಥರು. ಪಾರ್ಕಿಂಗಿನಲ್ಲಿ ಇವರ ಕಾರು ನಿಲ್ಲುವ ಜಾಗವೂ ಕ್ರಯಪತ್ರದಲ್ಲಿದೆ ತಾನೇ, ಅಂದಮೇಲೆ ಅದೂ ಮನೆಯೇ ಅಂತ ಹೇಳಿ ಅಲ್ಲೇ ಗೋಪೂಜೆ ಮಾಡಿಸಿದರು. ಕರು ನೆರೆಮನೆಯವರ ಸ್ಕೂಟರಿನ ಸೀಟು ನೆಕ್ಕಿತು.

ಮೇಲೆ ಹಾಲು ಉಕ್ಕುವ ಹೊತ್ತಿಗೆ ಅಲ್ಲಿದ್ದವರು ಇಪ್ಪತ್ತು ಜನರಷ್ಟೇ. ಹಾಲು ಯಾವ ದಿಕ್ಕಿಗೆ ಉಕ್ಕಿತು ಅಂತ ನೋಡಲು ಎಲ್ಲರೂ ಆ ಸಣ್ಣ ಅಡುಗೆಮನೆಗೆ ನುಗ್ಗಿದರು. ಮನೆಯ ಯಜಮಾನನಿಗೆ ನಮ್ಮ ಜೊತೆ ಕೂತು ಕಾಫಿ ಕುಡಿಯಲು, ಸಾಲದ ಕಂತಿನ ಕಥೆ ಹೇಳಲು ಪುರುಸೊತ್ತಿತ್ತು. ಅದೇ ಮನುಷ್ಯನನ್ನು ಮಧ್ಯಾಹ್ನ ಒಂದು ಗಂಟೆಗೆ ನೋಡಿದ್ದರೆ "ಊಟ ಆಯ್ತಾ, ಊಟ ಮಾಡ್ಕೊಂಡು ಹೋಗಿ" ಅನ್ನುವುದರ ಆಚೆಗೆ ಒಂದು ಮಾತೂ ಸಿಗುತ್ತಿರಲಿಲ್ಲ. ಉಪ್ಪಿಟ್ಟು, ಕೇಸರಿಬಾತ್ ತಿಂದು ಎಂಟಕ್ಕೆ ಹೊರಟೆವು. ಊಟಕ್ಕೆ ನಿಲ್ಲಿ ಅಂತ ಯಾರೂ ಒತ್ತಾಯಿಸಲಿಲ್ಲ. ಬೆಳಗಿನ ಜಾವ ಬಂದವರಿಗೆ ಆ ಸಲಿಗೆ ಸಿಗುತ್ತದೆ. ಎರಡನೇ ತೆಂಗಿನಕಾಯಿ.

ಮನೆಗೆ ಬಂದು ಒಂದೂವರೆ ಗಂಟೆ ಮಲಗಿದೆ. ಇದನ್ನು ಹೇಳದೆ ಬಿಟ್ಟರೆ ಮಿಕ್ಕದ್ದು ಹೇಗೆ ನಡೆಯಿತು ಅಂತ ಓದುವವರಿಗೆ ಅರ್ಥವಾಗುವುದಿಲ್ಲ. ಪಾತ್ರೆ ಸಿಂಕಿನಲ್ಲೇ ಇದ್ದವು. ಇರಲಿ ಬಿಡಿ.

ಗೆಳತಿಯರು ಐದು ಜನ. ಒಬ್ಬಳು ಹುಬ್ಬಳ್ಳಿಯಿಂದ, ಒಬ್ಬಳು ರಜೆಗೆಂದು ಅಮೆರಿಕದಿಂದ ಬಂದವಳು, ಉಳಿದವರು ಇಲ್ಲಿಯವರೇ. ಇಲ್ಲಿಯವರೇ ಹೆಚ್ಚು ಸಿಗದವರು. ಎಲ್ಲಿ ಸೇರುವುದು ಅಂತ ವಾಟ್ಸಾಪಿನಲ್ಲಿ ವಾರವಿಡೀ ಚರ್ಚೆಯಾಗಿತ್ತು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಅಂತ ಒಬ್ಬಳ ಹಟ. 1943ರಿಂದ ಇರುವ ಜಾಗ, ದೋಸೆಯ ಬಗ್ಗೆ ನನ್ನ ತಕರಾರೇನಿಲ್ಲ. ಆದರೆ ಶನಿವಾರ ಹೊರಗೆ ಅಷ್ಟು ಜನ ಕಾಯುತ್ತಿರುವಾಗ ಒಳಗೆ ಕೂತು ಇಪ್ಪತ್ತು ವರ್ಷದ ಮಾತು ಆಡಲಾದೀತೆ? ಹೋಟೆಲಿನ ಮೇಜು ತಿನ್ನುವುದಕ್ಕೆ, ಮಾತಿಗೆ ಮರದ ನೆರಳು ಬೇಕು ಅಂತ ನಾನು ಲಾಲ್‌ಬಾಗ್ ಹೇಳಿದೆ. ಮೆಟ್ರೊದಲ್ಲಿ ಮೆಜೆಸ್ಟಿಕ್‌ಗೆ ಹೋಗಿ, ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಲಾಲ್‌ಬಾಗ್ ನಿಲ್ದಾಣವೇ ಇದೆ. ಪಾರ್ಕಿಂಗಿನ ಗೋಳಿಲ್ಲ.

ಮೊದಲು ಬಂಡೆಯ ಮೇಲೆ ಹತ್ತಿದೆವು, ಕಾಲೇಜಿನ ದಿನಗಳ ನೆನಪಿಗೆ. ಸುಮಾರು 300 ಕೋಟಿ ವರ್ಷದ್ದು ಅನ್ನುವ ಬಂಡೆ. ಮೇ ತಿಂಗಳ ಹನ್ನೊಂದೂವರೆಯ ಬಿಸಿಲಿಗೆ ಕಾದ ಹೆಂಚು. ಎರಡು ನಿಮಿಷದಲ್ಲಿ ಕೆಳಗಿಳಿದೆವು. "ಏನವಾ, ನಿಮ್ಮ ಬೆಂಗಳೂರಾಗ ಕುಂದರಾಕ ಒಂದ್ ತಂಪ್ ಜಾಗಾ ಇಲ್ಲೇನ?" ಅಂತ ಹುಬ್ಬಳ್ಳಿಯವಳು. ಹುಬ್ಬಳ್ಳಿಯ ಮೇ ತಿಂಗಳಿಂದ ಬಂದವಳು ಇದನ್ನು ಕೇಳುತ್ತಾಳೆ! ಕೊನೆಗೆ ಆ ದೊಡ್ಡ ಬೂರುಗದ ಮರದ ಕಡೆ ಬೆಂಚು ಸಿಕ್ಕಿತು. ಎರಡು ಗಂಟೆ ಮಾತಾಡಿದೆವು. ಗಂಡಂದಿರ ಬಿಪಿ, ಮಕ್ಕಳ ಅಂಕ, ಒಬ್ಬಳ ಬೇರೆ ಮನೆ ಮಾಡಿದ ವಿಚಾರ. ಅದನ್ನು ಅವಳು ಕಾಲು ಗಂಟೆಯ ಮಟ್ಟಿಗೆ, ನಗುತ್ತಲೇ ಹೇಳಿದಳು. ನಾವ್ಯಾರೂ ಸಲಹೆ ಕೊಡಲಿಲ್ಲ. ಅಮೆರಿಕದವಳು ನಿದ್ದೆಗಣ್ಣಲ್ಲಿ ನನ್ನ ಭುಜಕ್ಕೆ ಒರಗಿದ್ದಳು, ಅಲ್ಲಿ ಆಗ ನಡುರಾತ್ರಿ. ಆಮೇಲೆ ಹೊರಗೆ ಬಂದು ಒಂದು ದರ್ಶಿನಿಯಲ್ಲಿ ನಿಂತುಕೊಂಡೇ ಇಡ್ಲಿ ವಡೆ ತಿಂದೆವು, ಹತ್ತೇ ನಿಮಿಷ. ಮೂರು ಕಿಲೋ ಬಾದಾಮಿ ಮಾವು ಕೊಂಡೆ, ಮಂಡ್ಯದ ಮಾವನಿಗೆ ಅಂತ. ಅವರಿಗೆ ಸಕ್ಕರೆ ಕಾಯಿಲೆ ಅನ್ನುವುದು ಮನೆಗೆ ಬಂದ ಮೇಲೆ ನೆನಪಾಯಿತು.

ಸಂಜೆ ಐದಕ್ಕೆ ಗುಡುಗು ಸಿಡಿಲಿನ ಮಳೆ. ಆಟೋಗಳೆಲ್ಲ ಮಾಯ. ಛತ್ರ ಹೊಸಹಳ್ಳಿ ನಿಲ್ದಾಣದ ಹತ್ತಿರ, ನಮಗೆ ಒಂದೇ ಸ್ಟಾಪು. ರೇಷ್ಮೆ ಸೀರೆಯ ನೆರಿಗೆಯನ್ನು ಒಂದು ಕೈಲಿ, ಕೊಡೆಯನ್ನು ಇನ್ನೊಂದು ಕೈಲಿ ಹಿಡಿದು ಮೆಟ್ರೊ ಹತ್ತಿದೆ. ಬೋಗಿಯಲ್ಲಿ ನನ್ನಂಥವರೇ ಹದಿನೈದು ಜನ, ಎಲ್ಲರ ಕೈಯಲ್ಲೂ ಕವರು. ಆರತಕ್ಷತೆಯಲ್ಲಿ ನನ್ನ ಪದ್ಧತಿ ಇಷ್ಟೇ: ಪತ್ರಿಕೆಯಲ್ಲಿ 6.30 ಅಂತಿದ್ದರೆ ಜೋಡಿ ವೇದಿಕೆಗೆ ಬರುವುದು 7.30ಕ್ಕೆ. ಅಷ್ಟರಲ್ಲಿ ಮೊದಲ ಪಂಕ್ತಿಯ ಊಟ ಮುಗಿಸಬೇಕು. ಮೊದಲ ಪಂಕ್ತಿಯಲ್ಲಿ ಎಲೆಗೆ ಬೀಳುವ ಹೋಳಿಗೆ ಬಿಸಿ ಇರುತ್ತದೆ, ತುಪ್ಪ ಹಾಕುವವನ ಕೈ ಧಾರಾಳವಾಗಿರುತ್ತದೆ. ಊಟದಿಂದ ಎದ್ದು ನೇರ ಸಾಲಿಗೆ ನಿಂತರೆ ನಮ್ಮ ಹಿಂದೆ ಐವತ್ತು ಜನ, ಮುಂದೆ ಐದು. ಫೋಟೊ, ಕವರು, ಅಪ್ಪ ಅಮ್ಮನಿಗೆ ನಮಸ್ಕಾರ. 8.15ಕ್ಕೆ ಹೊರಗೆ. ಹೊಟ್ಟೆ ಹಸಿದುಕೊಂಡು ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತವರ ಮುಖ ಆ ವಧೂವರರ ಆಲ್ಬಂನಲ್ಲಿ ಹೇಗೆ ಬರುತ್ತದೋ ನೋಡಿದ್ದೀರಲ್ಲ. ಇಬ್ಬರಿಗೂ ಒಂದೊಂದು ತಾಂಬೂಲದ ಚೀಲ. ನಾಲ್ಕು ಕಾಯಿ ಆಯಿತು.

ಭಾನುವಾರ ಮಗನೂ ಎದ್ದ. ಹತ್ತನೇ ತರಗತಿ ಮುಗಿಸಿದ ಹುಡುಗ, ಹೋಮಕ್ಕೆ ಬರುವುದಿಲ್ಲ, ಹೋಳಿಗೆಗೂ ಬರುವುದಿಲ್ಲ; ಬಾಡೂಟ ಅಂದರೆ ಅಲಾರಾಂ ಇಲ್ಲದೆ ಏಳುತ್ತಾನೆ.

ಕಾರು ಬೇಡ ಅಂತ ನಾನು ಹಟ ಹಿಡಿದೆ. ಎಕ್ಸ್‌ಪ್ರೆಸ್‌ವೇ ಆದ ಮೇಲೆ ಹೋಗುವುದು ಬೇಗ, ಒಪ್ಪುತ್ತೇನೆ. ಆದರೆ ಮುದ್ದೆ, ಮಾಂಸ ಉಂಡು, ಮೂರು ಗಂಟೆಯ ಬಿಸಿಲಲ್ಲಿ, ಅಷ್ಟು ನೇರ ರಸ್ತೆಯಲ್ಲಿ ಇವರು ಸ್ಟಿಯರಿಂಗ್ ಹಿಡಿದರೆ ಪಕ್ಕದಲ್ಲಿ ಕೂತ ನಾನು ಇಡೀ ದಾರಿ ಮಾತಾಡುತ್ತಲೇ ಇರಬೇಕು. ಭಾನುವಾರ ಸಂಜೆ ಕೆಂಗೇರಿಯಿಂದ ಈಚೆಗೆ ಊರಿಗೆ ಊರೇ ವಾಪಸ್ ಬರುತ್ತಿರುತ್ತದೆ. ಕೆಂಗೇರಿಯಲ್ಲಿ ಪ್ಯಾಸೆಂಜರ್ ರೈಲು ಹತ್ತಿದೆವು. ಅತ್ತೆಗೆ ಕಿಟಕಿ ಸಿಕ್ಕಿತು. ಬಿಡದಿ, ರಾಮನಗರ, ಚನ್ನಪಟ್ಟಣ ದಾಟಿ ಮದ್ದೂರಿನಲ್ಲಿ ವಡೆಯವನು ಹತ್ತಿದ. ಮಗ ಕೈ ಚಾಚಿದ. "ಬಾಡೂಟಕ್ಕೆ ಹೋಗೋರು ವಡೆ ತಿಂದು ಹೊಟ್ಟೆ ಕೆಡಿಸ್ಕತಾರೇನ್ಲಾ?" ಅಂತ ಅತ್ತೆ ಆ ಕೈಗೆ ಒಂದು ಏಟು ಕೊಟ್ಟರು. ಪಾಂಡವಪುರದಲ್ಲಿ ಇಳಿದಾಗ ದೂರಕ್ಕೆ ಕುಂತಿಬೆಟ್ಟ ಕಾಣುತ್ತಿತ್ತು. ನಾಲೆಯಲ್ಲಿ ನೀರಿರಲಿಲ್ಲ, ಗದ್ದೆಗಳು ಬಿರಿದಿದ್ದವು.

ಬೀಗರೂಟದಲ್ಲಿ ನಾಚಿಕೆ ಪಟ್ಟುಕೊಂಡರೆ ಊಟ ಸಿಗುವುದು ನಾಲ್ಕು ಗಂಟೆಗೆ. ಅಲ್ಲಿ ಉಣ್ಣುತ್ತಿರುವವರ ಬೆನ್ನ ಹಿಂದೆಯೇ ಮುಂದಿನ ಪಂಕ್ತಿಯವರು ಕುರ್ಚಿ ಹಿಡಿದು ನಿಂತಿರುತ್ತಾರೆ. ಕೊನೆಯ ತುತ್ತು ಎತ್ತುವಾಗ ಅವರ ಉಸಿರು ನಿಮ್ಮ ಕತ್ತಿಗೆ ತಾಗುತ್ತದೆ. ಹೊಸಬರಿಗೆ ಇದು ಒರಟು ಅನ್ನಿಸಬಹುದು. ಆ ಕಡೆಯವರು ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಏಳುವಾಗ "ಬಾ ಕೂತ್ಕೊ" ಅಂತ ಕುರ್ಚಿಯನ್ನು ತಾವೇ ಎಳೆದು ಕೊಡುತ್ತಾರೆ. ಅತ್ತೆಯ ಮಂಡಿ ಅಷ್ಟು ಹೊತ್ತು ನಿಲ್ಲುವುದಿಲ್ಲ. ಅದಕ್ಕೆ ಮೊದಲೇ ಫೋನು ಮಾಡಿ ಅಲ್ಲಿನ ಒಬ್ಬ ಹುಡುಗನಿಗೆ ಹೇಳಿದ್ದೆ. ಅವನು ಮೊದಲ ಪಂಕ್ತಿಯಲ್ಲೇ ಐದು ಕುರ್ಚಿಯ ಮೇಲೆ ಕರವಸ್ತ್ರ, ಟವೆಲ್ಲು, ಹೆಲ್ಮೆಟ್ಟು, ಕೊನೆಗೆ ತನ್ನ ಚಪ್ಪಲಿ ಕೂಡ ಇಟ್ಟು ಕಾದಿದ್ದ.

ಎಲೆಗೆ ಮೊದಲು ಬಂದದ್ದು ಬೋಟಿ ಗೊಜ್ಜು. ಆಮೇಲೆ ಮುದ್ದೆ, ಅದರ ಮೇಲೆ ಸೌಟುಗಟ್ಟಲೆ ಮಟನ್ ಸಾರು. ಮುದ್ದೆಯನ್ನು ಅಗಿಯಬಾರದು ಅಂತ ಮಗನಿಗೆ ಅತ್ತೆ ಹೊಸದಾಗಿ ಪಾಠ ಮಾಡಿದರು. ಬೆರಳಲ್ಲಿ ಮುರಿದು, ಸಾರಲ್ಲಿ ಹೊರಳಿಸಿ, ಹಾಗೇ ನುಂಗಬೇಕು. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಬಿತ್ತು. ಬಡಿಸುವವರಿಗೆ ಸಾಕು ಅನ್ನುವ ಪದ ಕೇಳಿಸುವುದಿಲ್ಲ; ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯಬೇಕು, ಕೈಯ ಮೇಲೂ ಸಾರು ಬೀಳಬಹುದು. ನಾನು ಗಾಢ ಕಂದು ಬಣ್ಣದ ಸಿಂಥೆಟಿಕ್ ಸೀರೆ ಉಟ್ಟದ್ದು ಇದಕ್ಕೇ. ಎದುರು ಕೂತಿದ್ದ ಬೆಂಗಳೂರಿನ ಹೆಣ್ಣುಮಗಳೊಬ್ಬಳ ತಿಳಿಗುಲಾಬಿ ರೇಷ್ಮೆಯ ಗತಿ ನೋಡಿ ಮನಸ್ಸಿಗೆ ಕಷ್ಟವಾಯಿತು.

ಕೈ ತೊಳೆದು ಮುಯ್ಯಿ ಮೇಜಿನ ಮುಂದೆ ನಿಂತೆವು. ಬರೆಯುವಾತ ಕವರು ಬಿಚ್ಚಿ, ಎಣಿಸಿ, ಊರು ಕೇಳಿ ಬರೆದ. ಮೇಜಿನ ಮೂಲೆಗೆ ಕ್ಯೂಆರ್ ಕೋಡ್ ಕೂಡ ಅಂಟಿಸಿದ್ದರು. ಅತ್ತೆ ಅದನ್ನು ದಿಟ್ಟಿಸಿ, "ಇದ್ರಲ್ಲಿ ಕೊಟ್ರೆ ಪುಸ್ತಕದಲ್ಲಿ ಬರೀತೀರೋ ಇಲ್ವೋ?" ಅಂತ ವಿಚಾರಿಸಿಕೊಂಡರು. ಬರೆಯುತ್ತಾರಂತೆ.

ಅಲ್ಲಿಂದ ಮಂಡ್ಯಕ್ಕೆ ಬಸ್ಸು. ನನಗೂ ಅತ್ತೆಗೂ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ಟು, ಇವರೂ ಮಗನೂ ದುಡ್ಡು ಕೊಟ್ಟರು. ಮಾವನ ಮನೆಗೆ ಇಪ್ಪತ್ತು ನಿಮಿಷ ಅಂತ ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಮೂರಕ್ಕೆ ಒಳಗೆ ಹೋದರೆ 3.30ಕ್ಕೆ ಸ್ಟೇಷನ್ನು, ಆರರ ಹೊತ್ತಿಗೆ ಬೆಂಗಳೂರು, 7.30ಕ್ಕೆ ನಾಟಕ. ಲೆಕ್ಕ ಸರಿಯಾಗಿಯೇ ಇತ್ತು.

ಮಾವ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮೊದಲಿನ ಆಳಿನ ಅರ್ಧವಾಗಿದ್ದರು. "ಏನವ್ವ, ದಾರಿ ತಪ್ಪಿ ಬಂದ್ರಾ?" ಅಂದರು ಅತ್ತೆಗೆ. ಅತ್ತೆ ಏನೂ ಹೇಳದೆ ಹೋಗಿ ಮಂಚದ ಅಂಚಿಗೆ ಕೂತರು. ಇಬ್ಬರೂ ಸ್ವಲ್ಪ ಹೊತ್ತು ಫ್ಯಾನು ನೋಡಿದರು. ಆಮೇಲೆ ಮಾತು ಶುರುವಾಯಿತು ನೋಡಿ, ನಾವು ಮೂವರು ಅಲ್ಲಿ ಇದ್ದೇವೆ ಅನ್ನುವುದೇ ಅವರಿಗೆ ಮರೆಯಿತು. ಯಾವ ಹೊಲ, ಯಾವ ಎತ್ತು, ಯಾರು ಯಾರನ್ನು ಕೆರೆಗೆ ತಳ್ಳಿದ್ದು. ಜೀವಮಾನವೆಲ್ಲ ಮೈಸೂರು ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಮನುಷ್ಯ, ಈಗ ಸಕ್ಕರೆಯಿಲ್ಲದ ಕಾಫಿ ಕುಡಿಯುತ್ತ, "ಅಲ್ಲಿ ನುರಿದಿದ್ದೆಲ್ಲ ನನ್ ಮೈಗೇ ಸೇರ್ಕಂಡದೆ" ಅಂತ ನಕ್ಕರು. ನಾವು ತಂದ ಮಾವಿನ ಪೆಟ್ಟಿಗೆಯನ್ನು ಸೊಸೆ ಒಳಗೆ ಒಯ್ದಳು. ಸ್ವಲ್ಪ ಹೊತ್ತಿನಲ್ಲಿ ಅತ್ತೆ ಅಡುಗೆಮನೆಗೆ ಹೋಗಿ ಬಂದರು, ಸೆರಗಿನ ಮರೆಯಲ್ಲಿ ಏನೋ ಇತ್ತು. ಮಾವನ ಮೀಸೆಯ ಮೇಲೆ ಹಳದಿ ಬಣ್ಣ ಕಂಡರೂ ಯಾರೂ ಏನೂ ಅನ್ನಲಿಲ್ಲ.

ನಾಲ್ಕಕ್ಕೆ ನಾನು ಗಡಿಯಾರ ನೋಡಿದೆ. 4.30ಕ್ಕೆ ಇವರ ಮುಖ ನೋಡಿದೆ, ಇವರು ಜಗುಲಿಯ ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿದ್ದರು. ರಂಗಶಂಕರ 2004ರಲ್ಲಿ ಶುರುವಾದದ್ದು, ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ ಅನ್ನುವ ಅಲ್ಲಿನ ನಿಯಮ ನನಗೆ ಇಷ್ಟವೇ. ಒಮ್ಮೆ ಎರಡು ನಿಮಿಷ ತಡವಾಗಿ ಹೋಗಿ ಮುಚ್ಚಿದ ಬಾಗಿಲ ಹೊರಗೆ ಸಾಬೂದಾನಿ ವಡೆ ತಿಂದು ವಾಪಸ್ ಬಂದವಳು ನಾನು. ಐದಕ್ಕೆ ಪಕ್ಕದ ಮನೆಯ ಹುಡುಗಿಗೆ ಫೋನು ಮಾಡಿದೆ. ಟಿಕೆಟ್ಟನ್ನು ವಾಟ್ಸಾಪ್ ಮಾಡುತ್ತೇನೆ, ಗೆಳತಿಯನ್ನು ಕರೆದುಕೊಂಡು ಈಗಲೇ ಹೊರಡು, ಜಯಪ್ರಕಾಶ ನಗರದ ಮೆಟ್ರೊದಲ್ಲಿ ಇಳಿದು ಆಟೋ ಹಿಡಿ ಅಂದೆ. ನಾಟಕ ಹೇಗಿತ್ತು ಅಂತ ಅವಳು ಮಾರನೆಯ ದಿನ ಹೇಳಿದಳು, ನನಗೆ ಸ್ವಲ್ಪ ಹೊಟ್ಟೆಯುರಿಯಿತು. ಅದನ್ನು ಮುಚ್ಚಿಡುವುದಿಲ್ಲ.

ಹೊರಟು ನಿಂತಾಗ ಮಾವ ಮಗನಿಗೆ ಹಿತ್ತಲು ತೋರಿಸಲು ಹೇಳಿದರು. ಹಿತ್ತಲಲ್ಲಿ ಎಂಟು ತೆಂಗಿನ ಮರ. ನಮ್ಮ ಹುಡುಗ ಬೆನ್ನ ಮೇಲೆ ಒಂದು ಚೀಲ ಹೊತ್ತುಕೊಂಡು ಬಂದ. ಹತ್ತು ಕಾಯಿ, ಸುಲಿದದ್ದು. ಇಷ್ಟು ಯಾಕೆ ಮಾವ ಅಂದೆ. "ಎತ್ಕಂಡೋಗು ತಾಯಿ. ಮೊದಲಾಗಿದ್ರೆ ಗಾಡಿ ಕಟ್ಟಿಸಿ ಕಳಿಸ್ತಿದ್ದೆ" ಅಂದರು. ನೂರು ಕಾಯಿಯ ಆ ಸಾಲು ಪುಸ್ತಕದಲ್ಲಿದೆ ಅಂತ ಹೇಳಬೇಕು ಅನ್ನಿಸಿತು. ಹೇಳಿದರೆ ಲೆಕ್ಕ ಚುಕ್ತಾ ಮಾಡಲು ಬಂದ ಹಾಗೆ ಕಾಣಬಹುದು ಅಂತ ಸುಮ್ಮನಾದೆ.

ರೈಲಿನಲ್ಲಿ ಜನ. ಇಬ್ಬರು ಹುಡುಗರು ಎದ್ದು ನನಗೂ ಅತ್ತೆಗೂ ಜಾಗ ಕೊಟ್ಟರು. ಚೀಲ ಸೀಟಿನ ಕೆಳಗೆ, ಬ್ರೇಕು ಬಿದ್ದಾಗಲೆಲ್ಲ ಕಾಯಿಗಳು ಒಂದಕ್ಕೊಂದು ತಾಗಿ ಟಕ್ ಟಕ್ ಅನ್ನುತ್ತಿದ್ದವು. ಮದ್ದೂರಿನಲ್ಲಿ ಈ ಸಲ ವಡೆ ಕೊಡಿಸಿದೆ. ಮನೆ ಸೇರಿದಾಗ ಒಂಬತ್ತು ದಾಟಿತ್ತು. ರಾತ್ರಿಗೆ ಮಜ್ಜಿಗೆ ಅನ್ನ, ಬೇರೇನೂ ಯಾರಿಗೂ ಬೇಕಿರಲಿಲ್ಲ.

ಸೋಮವಾರ ಬೆಳಿಗ್ಗೆ ಸಿಂಕಿನ ಪಾತ್ರೆ ಮುಗಿಸಿ, ಕಾಯಿಗಳನ್ನೆಲ್ಲ ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಅರ್ಧ ಕೊಬ್ಬರಿ ಮಿಠಾಯಿಗೆ, ಎರಡು ಪಕ್ಕದ ಮನೆಗೆ, ಉಳಿದದ್ದು ಸಾರಿಗೆ ಅಂತ ಲೆಕ್ಕ. ಮುಯ್ಯಿ ಪುಸ್ತಕದ ಕೊನೆಯಲ್ಲಿ ಖಾಲಿ ಹಾಳೆಗಳಿದ್ದವು. ಅತ್ತೆ ಬರೆಯಲು ಹೇಳಿದರು, ನಾನು ತಾರೀಖು ಹಾಕಿ ಬರೆಯತೊಡಗಿದೆ. ರಾಜಾಜಿನಗರ, ಕಾಯಿ 1. ಕೆಂಗೇರಿ, 1. ಆಫೀಸಿನವರು, 2. ಮಂಡ್ಯದ ಮಾವ, ತೆಂಗಿನಕಾಯಿ 10.

"ಹನ್ನೊಂದು ಬರಿ" ಅಂದರು ಅತ್ತೆ.

"ಚೀಲದಲ್ಲಿ ಹತ್ತೇ ಇತ್ತಲ್ಲ ಅತ್ತೆ, ಎಣಿಸಿದ್ದೀನಿ."

ಅವರು ಎದ್ದು ಹೋಗಿ ತಮ್ಮ ವ್ಯಾನಿಟಿ ಬ್ಯಾಗು ತಂದರು. ಅದರೊಳಗಿಂದ ಒಂದು ಕಾಯಿ ತೆಗೆದು ಸಾಲಿನ ಕೊನೆಗೆ ಇಟ್ಟರು. ಅಡುಗೆಮನೆಗೆ ಹೋದಾಗ ಇಸಿದುಕೊಂಡದ್ದಂತೆ, ಕೇಳಿಯೇ.